ಕೋಲು ಬಿಡದ ಎವಾರಿಸ್ತೊ

ಆ ರಾತ್ರಿ ಗಾಳಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆಮೇಲೆ ನೀವೆಲ್ಲ 'ಗಾಳಿ ಇದ್ದಿರಬೇಕು ಕ್ಲೆಮೆನ್ಸಿಯಾ, ಗಾಳಿ ಇದ್ದಿರಬೇಕು' ಅಂತ ನನ್ನ ಬಾಯಿ ಮುಚ್ಚಿಸಲು ಬರುತ್ತೀರಿ. ನಮ್ಮ ಬಯಲಲ್ಲಿ ವರ್ಷಪೂರ್ತಿ ಗಾಳಿ ಬೀಸುವುದು ನನಗೂ ಗೊತ್ತು. ಅವತ್ತು ಇರಲಿಲ್ಲ. ಬಾವಿಯ ಮೇಲಿನ ಗಾಳಿಯಂತ್ರ ಕೂಡ ಅಲ್ಲಾಡದೆ ನಿಂತಿತ್ತು. ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಇದು ನನ್ನ ಚಿಕ್ಕಮ್ಮನ ಮಗಳು ಒತೀಲಿಯಾಗೆ ಆದದ್ದು. ಕೆಲವು ಅವಳೇ ಹೇಳಿದ್ದು. ಕೆಲವು ನಾನೇ ಕಣ್ಣಾರೆ ಕಂಡದ್ದು.

ವಿಮಾನ ಕ್ಲಬ್ಬಿನಲ್ಲಿ ಊಟ ಮುಗಿಸಿ ಒತೀಲಿಯಾ ಮತ್ತು ಗಾಸ್ಪಾರ್ ಮನೆಗೆ ನಡೆದು ಹೊರಟಿದ್ದರು. ಗಾಸ್ಪಾರ್ ಕ್ಲಬ್ಬಿನ ಮೆಕ್ಯಾನಿಕ್. ಒತೀಲಿಯಾ ಆಗ ವಿಧವೆ. ಇವನು ಮದುವೆಯಾಗು ಮದುವೆಯಾಗು ಅಂತ ಅವಳ ಹಿಂದೆ ಬಿದ್ದಿದ್ದ. ದಾರಿ ನಿಮಗೆ ಗೊತ್ತಲ್ಲ... ಬಾವಿ ದಾಟಿ, ಮುದಿ ಓಂಬೂ ಮರವನ್ನು ಬಳಸಿ, ವಿಮಾನ ನಿಲ್ಲಿಸುವ ಹ್ಯಾಂಗರಿನ ಮಗ್ಗುಲಲ್ಲೇ ಹೋಗಬೇಕು. ಮರದ ಕೆಳಗೆ ಕತ್ತಲು. ಗಾಸ್ಪಾರ್ ಅವಳ ಕೈ ಹಿಡಿದ.

ಟಕ್.

ಹ್ಯಾಂಗರಿನ ಒಳಗಿಂದ.

"ಕೇಳಿಸ್ತಾ?"

"ಇಲಿ ಇರ್ಬೇಕು."

"ಇಲಿ ಅಲ್ಲ... ಸುಮ್ನಿರು."

ಕಿರ್ರ್... ಟಕ್. ಕಿರ್ರ್... ಟಕ್.

ಒತೀಲಿಯಾಗೆ ಆ ಸದ್ದು ಗೊತ್ತಿತ್ತು. ವಿಮಾನ ನಡೆಸುವ ಕೋಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳಿದರೆ ರೆಕ್ಕೆಯ ತುದಿಯ ಹಲಗೆಗಳು ಏಳುತ್ತವೆ, ಬೀಳುತ್ತವೆ. ಒಳಗಿನ ತಂತಿ ಕಿರುಗುಡುತ್ತದೆ. ಕೋಲು ಕೊನೆ ಮುಟ್ಟಿದಾಗ ಟಕ್. ಹಾರುವ ಮುಂಚೆ ಎಲ್ಲರೂ ಹಾಗೆ ಮಾಡಿ ನೋಡುತ್ತಾರೆ. ಬೀಗ ಹಾಕಿದ ಹ್ಯಾಂಗರಿನಲ್ಲಿ, ಕತ್ತಲಲ್ಲಿ ಯಾರು ಮಾಡುತ್ತಾರೆ?

ತಗಡಿನ ಸಂದಿಯಲ್ಲಿ ಇಣುಕಿದರು. ಮಾಡಿನ ತೂತುಗಳಿಂದ ಬೆಳದಿಂಗಳು ಬಿದ್ದಿತ್ತು. ಕ್ಲಬ್ಬಿನ ವಿಮಾನ, ನಮ್ಮ ಹಳದಿ ಫೋಕೆ, ನಿಂತಿತ್ತು. ಮೇಲೊಂದು ಕೆಳಗೊಂದು ರೆಕ್ಕೆ. ಒಂದರ ಹಿಂದೆ ಒಂದು ಎರಡು ತೆರೆದ ಸೀಟು. ಎರಡೂ ಖಾಲಿ. ರೆಕ್ಕೆಯ ಹಲಗೆ ಏಳುತ್ತಿತ್ತು... ಬೀಳುತ್ತಿತ್ತು. ಯಾರಿಗೋ ಕಾದು ಬೇಸತ್ತವನು ಮೇಜಿನ ಮೇಲೆ ಬೆರಳು ಕುಟ್ಟುವ ಹಾಗೆ.

"ಕೈ ಬಿಡು," ಒತೀಲಿಯಾ ಪಿಸುಗುಟ್ಟಿದಳು.

"ಏನು?"

"ನನ್ ಕೈ ಬಿಡು ಗಾಸ್ಪಾರ್."

ಬಿಟ್ಟ. ಹಲಗೆ ನಿಂತಿತು.

ಗಂಡಸಲ್ಲವೇ, ಪರೀಕ್ಷೆ ಮಾಡದೆ ಇರುತ್ತಾನಾ? ಮತ್ತೆ ಹಿಡಿದ. ಟಕ್! ಕೋಲು ಒಂದೇ ಏಟಿಗೆ ಹೋಗಿ ಬಡಿಯಿತು. ಇಡೀ ವಿಮಾನ ಅದುರಿತು. ಮುಂದಿನ ಸೀಟಿನ ಕಡೆಯಿಂದ ಇನ್ನೊಂದು ಸದ್ದು ಬಂತು... ಸಣ್ಣದು. ನಾಲಿಗೆಯನ್ನು ಹಲ್ಲಿಗೆ ಒತ್ತಿ ಲೊಚಗುಟ್ಟಿದ ಸದ್ದು.

ಚ್ಚ್... ಚ್ಚ್...

ಗಾಸ್ಪಾರ್‌ನ ಅಂಗೈ ತಣ್ಣಗಾಯಿತು ಅಂತ ಒತೀಲಿಯಾ ಆಮೇಲೆ ಹೇಳಿದಳು. ಆ ಲೊಚಗುಟ್ಟುವಿಕೆ ಊರಿಗೆಲ್ಲ ಗೊತ್ತಿದ್ದದ್ದೇ. ಅವಳ ಗಂಡ ಎವಾರಿಸ್ತೊ ಲುಸೆರೊನದು. ಅವನು ಸತ್ತು ಒಂದು ಚಳಿಗಾಲ ಕಳೆದಿತ್ತು.

ಎವಾರಿಸ್ತೊ ಬಗ್ಗೆ ಹೇಳಲೇಬೇಕು. ಸೈನ್ಯದ ವಿಮಾನ ಶಾಲೆಯಲ್ಲಿ ಹುಡುಗರಿಗೆ ಹಾರುವುದನ್ನು ಕಲಿಸುತ್ತಿದ್ದವನು, ಇದೇ ಜಾತಿಯ ವಿಮಾನದಲ್ಲಿ. ಸೈನ್ಯಕ್ಕೆ ಹೊಸ ವಿಮಾನ ಬಂದು, ಹಳೆಯವನ್ನು ಊರೂರಿನ ಕ್ಲಬ್ಬುಗಳಿಗೆ ಹಂಚಿದಾಗ, ಇವನೂ ಕೆಲಸ ಬಿಟ್ಟು ಒಂದರ ಜೊತೆಗೇ ಇಲ್ಲಿಗೆ ಬಂದ. ನೋಡಲು ಲಕ್ಷಣವಾಗಿದ್ದ. ಒತೀಲಿಯಾ ಮರುಳಾದಳು. ನಾವೆಲ್ಲರೂ ಸ್ವಲ್ಪ ಸ್ವಲ್ಪ ಮರುಳಾಗಿದ್ದೆವು ಅನ್ನಿ. ಅವಳಿಗೆ ಸಿಕ್ಕಿದ.

ಆದರೆ ಹೊಟ್ಟೆಕಿಚ್ಚು! ಬೇಕರಿಯವನು ಇವಳಿಗೆ ನಗುನಗುತ್ತಾ ಒಂದು ಬನ್ನು ಹೆಚ್ಚಿಗೆ ಹಾಕಿದ ಅಂತ ಬೇಕರಿಯನ್ನೇ ಬದಲಾಯಿಸಿದ. ಜ್ವರ ಬಂದರೆ ಡಾಕ್ಟರು ನಾಡಿ ಹಿಡಿಯಬಾರದು, ದೂರದಿಂದ ನೋಡಿ ಹೇಳಬೇಕು. ಕುಣಿತದ ದಿನ ಇಬ್ಬರೂ ಗೋಡೆಗೆ ಒರಗಿ ಕೂತಿರುತ್ತಿದ್ದರು, ಫೋಟೋ ತೆಗೆಸಲು ಬಂದವರ ಹಾಗೆ. ನನ್ನ ಗಂಡನಿಗೆ ಅದರಲ್ಲಿ ಕಾಲು ಪಾಲು ಇದ್ದಿದ್ದರೂ ನಾನು ಸಂತೋಷಪಡುತ್ತಿದ್ದೆ. ಆ ಮನುಷ್ಯ ನಾನು ಯಾರ ಜೊತೆ ಕುಣಿದರೂ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಆ ಮಾತು ಬಿಡಿ.

ಒತೀಲಿಯಾಗೆ ಹಾರುವ ಆಸೆ. ಕ್ಲಬ್ಬಿನ ಇನ್ನೊಬ್ಬ ಶಿಕ್ಷಕ 'ಬಾ, ಕಲಿಸ್ತೀನಿ' ಅಂದದ್ದೇ ತಡ, ಮಾರನೇ ಬೆಳಿಗ್ಗೆ ಎವಾರಿಸ್ತೊನೇ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಕಲಿಸುವವನು ಮುಂದೆ, ಕಲಿಯುವವನು ಹಿಂದೆ. ಇಬ್ಬರ ಮುಂದೆಯೂ ಒಂದೊಂದು ಕೋಲು. ಎರಡೂ ಒಳಗೊಳಗೇ ಜೋಡಿಸಿರುವುದರಿಂದ, ಒಬ್ಬರು ಅಲ್ಲಾಡಿಸಿದರೆ ಇನ್ನೊಬ್ಬರ ಕೈಯಲ್ಲೂ ಅಲ್ಲಾಡುತ್ತದೆ. ಮುಂದಿನವನ ಬಾಯಿಂದ ಹಿಂದಿನವನ ಕಿವಿಗೆ ಒಂದು ರಬ್ಬರ್ ಕೊಳವೆ. ಅವನು ಹೇಳಬಹುದು, ಇವಳು ಕೇಳಬಹುದು. ಇವಳ ಮಾತು ಅವನಿಗೆ ಹೋಗುವುದಿಲ್ಲ. ಅವನಿಗೆ ಹೇಳಿ ಮಾಡಿಸಿದ ವ್ಯವಸ್ಥೆ.

ನಮ್ಮ ಶಿಕ್ಷಕರಲ್ಲಿ ಒಂದು ಪದ್ಧತಿ ಇದೆ. ವಿದ್ಯಾರ್ಥಿಯ ಕೈಗೆ ವಿಮಾನ ಒಪ್ಪಿಸುವಾಗ ಮುಂದೆ ಕೂತವನು ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸುತ್ತಾನೆ. ನೋಡು, ನಾನು ಹಿಡಿದಿಲ್ಲ, ಇನ್ನು ಇದು ನಿನ್ನದು, ಅಂತ. ಎವಾರಿಸ್ತೊ ಕೂಡ ಎತ್ತುತ್ತಿದ್ದ. ಒಂದು ಕೈ. ಇನ್ನೊಂದು ಕೋಲಿನ ಮೇಲೇ. ಇವಳು ತಿರುಗಿಸಿದರೆ ಅವನ ಕೈಯೂ ತಿರುಗುತ್ತಿತ್ತು. ಇವಳು ತಪ್ಪು ಮಾಡುವುದಕ್ಕೂ ಬಿಡುತ್ತಿರಲಿಲ್ಲ. ಕಿವಿಯಲ್ಲಿ, ಚ್ಚ್... ಚ್ಚ್...

"ಬೆನ್ನ ಮೇಲೆ ಕೂತ ಹಾಗೆ ಆಗುತ್ತೆ ಕಣೇ ಕ್ಲೆಮೆ," ಅಂತ ನನ್ನ ಹತ್ತಿರ ಅತ್ತಿದ್ದಳು.

ಒಂದು ಮಧ್ಯಾಹ್ನ ಫೋಕೆ ಇಳಿಯಿತು, ಹುಲ್ಲಿನ ಮೇಲೆ ಓಡಿ ನಿಂತಿತು. ಯಾರೂ ಕೆಳಗೆ ಬರಲಿಲ್ಲ. ಗಾಸ್ಪಾರ್ ಓಡಿಹೋಗಿ ನೋಡಿದರೆ ಒತೀಲಿಯಾ ಹಿಂದೆ ನಡುಗುತ್ತಾ ಕೂತಿದ್ದಳು. ಎವಾರಿಸ್ತೊ ಮುಂದೆ ಬೆಲ್ಟಿಗೆ ಜೋತುಬಿದ್ದು ಸತ್ತಿದ್ದ. ಎದೆ ನಿಂತುಹೋಗಿತ್ತು. ಕೋಲಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಡಾಕ್ಟರು ಈಗ ಧಾರಾಳವಾಗಿ ನಾಡಿ ಹಿಡಿದು ನೋಡಿ, ಜೀವ ಆಕಾಶದಲ್ಲೇ ಹೋಗಿದೆ ಅಂದರು.

ಹಾಗಾದರೆ ವಿಮಾನ ಇಳಿಸಿದವರು ಯಾರು?

"ನಾನು," ಅಂದಳು ಒತೀಲಿಯಾ.

ಕ್ಲಬ್ಬಿನ ಗಂಡಸರು ನಕ್ಕರು. ಅಧ್ಯಕ್ಷ ದೊನ್ ಫರ್ಮಿನ್ ಅಂತೂ ಟೋಪಿ ತೆಗೆದು, "ಸತ್ತ ಮೇಲೂ ಎವಾರಿಸ್ತೊನೇ ಇಳಿಸಿದ, ಅಂಥ ಕೈ ಅವನದ್ದು," ಅಂದ. ಆ ಮಾತೇ ಊರೆಲ್ಲ ಹರಡಿತು. ಒತೀಲಿಯಾಗೆ ಗಂಡ ಸತ್ತ ದುಃಖ ಒಂದು ಕಡೆ, ಈ ಉರಿ ಇನ್ನೊಂದು ಕಡೆ. ಒಬ್ಬಳೇ ಹಾರಿ, ಒಬ್ಬಳೇ ಇಳಿದು, ಪೈಲಟ್ ಪರವಾನಗಿ ತಗೊಂಡೇ ತೀರುತ್ತೇನೆ ಅಂತ ಹಟ ಹಿಡಿದಳು. ವರ್ಷಗಟ್ಟಲೆ ಹಾರಿದ್ದರೂ ಒಮ್ಮೆಯೂ ಒಬ್ಬಳೇ ಹಾರಿರಲಿಲ್ಲವಲ್ಲ. ದೊನ್ ಫರ್ಮಿನ್ ಕೊನೆಗೆ ಒಪ್ಪಿ, ಭಾನುವಾರ ಪರೀಕ್ಷಕರು ಬರುತ್ತಾರೆ, ತಪ್ಪಿದರೆ ಈ ಕ್ಲಬ್ಬಿನಲ್ಲಿ ಇನ್ನು ಹೆಂಗಸರ ಹೆಸರು ಎತ್ತುವ ಹಾಗಿಲ್ಲ ಅಂದ.

ಆ ವಾರವೇ ಹ್ಯಾಂಗರಿನಲ್ಲಿ ಸದ್ದು ಕೇಳಿದ್ದು.

ಮಾರನೇ ಬೆಳಿಗ್ಗೆ ಗಾಸ್ಪಾರ್ ಮುಂದಿನ ಸೀಟಿನ ಕೋಲನ್ನೇ ಕಿತ್ತುಬಿಟ್ಟ. ಒಂದು ಮೊಳೆ ಎಳೆದರೆ ಬರುತ್ತದೆ ಅದು. ಕೋಲೇ ಇಲ್ಲದಿದ್ದರೆ ಹಿಡಿಯುವುದು ಏನನ್ನು? ಒತೀಲಿಯಾ ಅಭ್ಯಾಸಕ್ಕೆ ಅಂತ ಒಬ್ಬಳೇ ಏರಿದಳು. ನಾವು ಕೆಳಗೆ ನಿಂತು ನೋಡಿದೆವು. ಫೋಕೆ ಮೇಲೇರಿತು, ನೆಟ್ಟಗೆ ಹೋಯಿತು. ತಿರುಗಬೇಕಾದ ಕಡೆ ತಿರುಗಲಿಲ್ಲ. ರೆಕ್ಕೆ ಒಂದಿಷ್ಟು ಬಾಗುತ್ತಿತ್ತು, ಯಾರೋ ಹಿಡಿದು ಸರಿಮಾಡಿದ ಹಾಗೆ ಮತ್ತೆ ನೆಟ್ಟಗಾಗುತ್ತಿತ್ತು. ಕೊನೆಗೆ ದೊಡ್ಡದೊಂದು ಸುತ್ತು ಹಾಕಿ ಬಂದು ಇಳಿಯಿತು. ಹೂವಿಳಿಸಿದ ಹಾಗೆ, ಎವಾರಿಸ್ತೊ ಇಳಿಸುತ್ತಿದ್ದ ಹಾಗೇ.

ಅವಳು ಕೆಳಗಿಳಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೋಲಿನ ಮೇಲೆ ಕೈ ಇದೆ," ಅಂದಳು ನನ್ನ ಕಿವಿಯಲ್ಲಿ.

ಅವತ್ತು ಸಂಜೆ ನನ್ನ ಅಡುಗೆಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಕ್ಲಬ್ಬಿನ ಊಟದ ಉಸ್ತುವಾರಿ ಆಗ ನನ್ನದೇ. ನಾನು ಎಂಪನಾದ ಕಡುಬು ಕರಿಯುತ್ತಿದ್ದೆ, ಒತೀಲಿಯಾ ಹಿಟ್ಟು ಲಟ್ಟಿಸುತ್ತಿದ್ದಳು, ಗಾಸ್ಪಾರ್ ಮಾಟೆ ಕಷಾಯ ಹೀರುತ್ತಾ ಮುಖ ಊದಿಸಿಕೊಂಡು ಕೂತಿದ್ದ.

"ಅವ್ನು ನಿನ್ನ ಕೈ ಹಿಡ್ಕೊಂಡು ಆಕಾಶದಲ್ಲಿ ಸುತ್ತಾಡೋದು, ನಾನು ಕೆಳಗೆ ನಿಂತು ಕತ್ತು ನೋಯಿಸ್ಕೊಳ್ಳೋದು. ಚೆನ್ನಾಗಿದೆ!"

"ಲೋ, ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡ್ತೀಯಲ್ಲೋ, ನಾಚಿಕೆ ಆಗಲ್ವಾ?" ಅಂದೆ ನಾನು.

"ಬದುಕಿದ್ದಿದ್ರೆ ಎರಡು ಬಿಗಿದು ಮುಗಿಸ್ತಿದ್ದೆ ದೊನ್ಯಾ ಕ್ಲೆಮೆ. ಸತ್ತವನಿಗೆ ಹ್ಯಾಗೆ ಬಿಗೀಲಿ? ಒತೀ, ಇಲ್ಲಿ ಕೇಳು. ಭಾನುವಾರ ಮುಂದಿನ ಸೀಟಲ್ಲಿ ನಾನು ಕೂರ್ತೀನಿ. ಅವ್ನು ಎಲ್ಲಿ ಕೂರ್ತಾನೆ ನೋಡೇ ಬಿಡೋಣ."

ಒತೀಲಿಯಾ ಲಟ್ಟಣಿಗೆ ಕೆಳಗಿಟ್ಟಳು.

"ಒಬ್ಬಳೇ ಹಾರೋದಕ್ಕೇ ಪರೀಕ್ಷೆ ಇರೋದು. ನಿಂಗೂ ಅದೇ ಸೀಟು ಬೇಕಾ ಗಾಸ್ಪಾರ್?"

ಅವನು ಮಾಟೆಯ ಕೊನೆಯ ಗುಟುಕು ಹೀರಿದ. ಆಮೇಲೆ ಗೊಣಗಿದ. "ಇವತ್ತು ಬೆಲ್ಟನ್ನೂ ಮಂಡಿ ಕೊಟ್ಟು ಎಳೆದು ಬಿಗಿದಿದ್ದೆ. ಅಲ್ಲಿ ಒಂದು ನೊಣ ಕೂಡ ಕೂರೋ ಹಾಗಿರ್ಲಿಲ್ಲ."

"ಏನಂದೆ?"

"ಬೆಲ್ಟು. ಖಾಲಿ ಸೀಟಿನ ಬೆಲ್ಟು ಕಟ್ಟಬೇಕಲ್ಲ. ಸಡಿಲ ಬಿಟ್ರೆ ಕೋಲಿಗೆ ಸಿಕ್ಕಾಕ್ಕೊಳ್ಳುತ್ತೆ. ನಿಂಗೆ ಗೊತ್ತಿಲ್ವಾ?"

ಅವಳಿಗೂ ಗೊತ್ತು. ನಮ್ಮಲ್ಲಿ ಬೈಕೊಂಡು ಬೈಕೊಂಡು ಕಲಿಸುವ ಮೊದಲನೇ ನಿಯಮವೇ ಅದು. ಮುಂದೆ ಯಾರೂ ಇಲ್ಲದಿದ್ದರೆ ಬೆಲ್ಟುಗಳನ್ನು ಅಡ್ಡಡ್ಡ ಹಾಕಿ ಬಿಗಿಯಾಗಿ ಕಟ್ಟಬೇಕು. ಕೈ ತಾನಾಗಿಯೇ ಕಟ್ಟುತ್ತದೆ, ಅಷ್ಟು ರೂಢಿ.

"ಗಾಸ್ಪಾರ್," ಒತೀಲಿಯಾ ಮೆಲ್ಲಗೆ ಕೇಳಿದಳು, "ಅವತ್ತು... ಅವನ ಹೆಣ ಇಳಿಸಿದ ಮೇಲೆ ನೀನು ಏನ್ ಮಾಡ್ದೆ?"

"ಏನ್ ಮಾಡ್ತೀನಿ? ಸೀಟು ಖಾಲಿ ಆಯ್ತಲ್ಲ. ಬೆಲ್ಟು ಕಟ್ದೆ."

ಎಣ್ಣೆ ಮಾತ್ರ ಚರಚರ ಅನ್ನುತ್ತಿತ್ತು. ಇಷ್ಟು ದಿನ ಅವನನ್ನು ಕಟ್ಟಿ ಕೂರಿಸಿದ್ದು ನಾವೇ... ದಿನದಿನವೂ, ಇನ್ನಷ್ಟು ಇನ್ನಷ್ಟು ಬಿಗಿಯಾಗಿ. ಒತೀಲಿಯಾ ಎಂಪನಾದ ತಿಂದಳು, ಕೈ ತೊಳೆದುಕೊಂಡು ಮಲಗಲು ಹೋದಳು.

ಭಾನುವಾರ ಊರೇ ಬಂದಿತ್ತು. ರಾಜಧಾನಿಯಿಂದ ಬಂದ ಪರೀಕ್ಷಕರು ಗಂಟುಮುಖದ ಮುದುಕ. ಉಪ್ಪುನೀರಿನ ಕೆರೆಯ ತನಕ ಹೋಗಿ ತಿರುಗಿ ಬಂದು ಇಳಿಯಬೇಕು, ಅಷ್ಟೇ ಅಂದರು. ಒತೀಲಿಯಾ ಹತ್ತುವ ಮುಂಚೆ ಮುಂದಿನ ಸೀಟಿಗೆ ಬಗ್ಗಿದಳು. ಕಳಕ್. ಗಾಸ್ಪಾರ್ ಕಟ್ಟಿದ್ದ ಬೆಲ್ಟು ಬಿಚ್ಚಿಕೊಂಡಿತು. ಎರಡು ತುದಿಯನ್ನೂ ಎರಡು ಕಡೆ ಚೆಲ್ಲಿಬಿಟ್ಟಳು.

"ಏಯ್, ಏಯ್! ಬೆಲ್ಟು ಕಟ್ಟಮ್ಮ!" ದೊನ್ ಫರ್ಮಿನ್ ಕೂಗಿಕೊಂಡ. "ಇದೂ ಗೊತ್ತಿಲ್ಲ ಇವಳಿಗೆ! ನೋಡಿದ್ರಾ ಸಾರ್?"

"ಕೋಲು ಕಿತ್ತಾಗಿದೆ ದೊನ್ ಫರ್ಮಿನ್. ಸಿಕ್ಕಾಕ್ಕೊಳ್ಳೋಕೆ ಅಲ್ಲಿ ಏನೂ ಇಲ್ಲ," ಅಂದಳು. ಹಿಂದೆ ಕೂತು ತನ್ನ ಬೆಲ್ಟನ್ನು ಮಾತ್ರ ಉಸಿರು ಕಟ್ಟುವಷ್ಟು ಬಿಗಿದುಕೊಂಡಳು.

"ಕೊಂತಾಕ್ತೊ!" ಎಂಜಿನ್ ಹತ್ತಿಸುವಾಗಿನ ಕೂಗು ಹಾಕಿ ಗಾಸ್ಪಾರ್ ಪಂಖ ತಿರುಗಿಸಿದ. ಎಂಜಿನ್ ಎರಡು ಸಲ ಸೀನಿ ಹತ್ತಿಕೊಂಡಿತು.

ಇನ್ನು ಆಕಾಶದಲ್ಲಿ ಆದದ್ದೆಲ್ಲ ಅವಳು ಹೇಳಿದ್ದು.

ನೆಲ ಬಿಟ್ಟ ಕೂಡಲೇ ಕೈ ಬಂತು. ಕೋಲಿನ ಮೇಲೆ ಅವಳ ಬೆರಳು, ಅದರ ಮೇಲೆ ಅವನ ಭಾರ. ರೆಕ್ಕೆಗಳ ನಡುವಿನ ತಂತಿಗಳು ಊಂ... ಅನ್ನುತ್ತಿದ್ದವು. ಕೊಳವೆಯಲ್ಲಿ ಉಸಿರು. ಚ್ಚ್... ಚ್ಚ್... ಕೆರೆ ಹತ್ತಿರ ಬಂತು. ಎಡಕ್ಕೆ ತಳ್ಳಿದಳು, ಅವನು ತಡೆದ. ಬಲಕ್ಕೆ ತಳ್ಳಿದಳು, ತಡೆದ. ಬದುಕಿದ್ದಾಗ ಎಷ್ಟು ತಡೆದಿದ್ದನೋ ಅಷ್ಟೇ. ತೋಳು ಸೋತು ಅಳು ಬಂತು. ಆಗ ಹ್ಯಾಂಗರಿನ ಆ ಟಕ್ ನೆನಪಾಯಿತು ಅವಳಿಗೆ.

ಕೊಳವೆ ಅವಳ ಮಾತನ್ನು ಒಯ್ಯುವುದಿಲ್ಲವಲ್ಲ. ಅದಕ್ಕೇ ಗಂಟಲು ಹರಿಯುವ ಹಾಗೆ ಕಿರುಚಿದಳು.

"ಎವಾರಿಸ್ತೊ! ನಾನು ಗಾಸ್ಪಾರ್‌ನ ಮದುವೆ ಆಗ್ತೀನಿ!"

ಕೊಳವೆಯಲ್ಲಿನ ಉಸಿರು ನಿಂತಿತು.

"ಕೇಳಿಸ್ತಾ? ಅವನ ಕೈ ಹಿಡೀತೀನಿ! ಅವನ ಜೊತೆ ಕುಣೀತೀನಿ! ನಿನ್ನ ಹಾಸಿಗೇಲಿ ಮಲಗ್ತೀನಿ!"

ಟಕ್!

ಕೋಲು ಒಂದೇ ಏಟಿಗೆ ಎಡಕ್ಕೆ ಹೋಗಿ ಬಡಿಯಿತು. ಜೀವಮಾನವೆಲ್ಲ ಅವಳು ಆ ಸಿಟ್ಟಿಗೆ ಎದುರು ಎಳೆದಿದ್ದಳು. ಈ ಸಲ ಎಳೆಯಲಿಲ್ಲ. ಕೋಲು ಬಿಟ್ಟು ಎರಡೂ ಕೈಯನ್ನು ತಲೆಯ ಮೇಲೆ ಎತ್ತಿಬಿಟ್ಟಳು. ಎಳಕೋ, ಎಷ್ಟು ಬೇಕೋ ಅಷ್ಟು ಎಳಕೋ. ರೆಕ್ಕೆ ಎದ್ದಿತು, ಇನ್ನೂ ಎದ್ದಿತು... ನೆಲ ಮೇಲೆ, ಆಕಾಶ ಕೆಳಗೆ. ಫೋಕೆ ತಲೆಕೆಳಗಾಗಿ ಮಲಗಿತು. ಎಂಜಿನ್ ಗಕ್ಕನೆ ನಿಂತಿತು.

ಸದ್ದಿಲ್ಲ. ತಂತಿಗಳದ್ದೊಂದು ಊಂ... ಮಾತ್ರ. ಅವಳ ಹೆಗಲಿಗೆ ಬೆಲ್ಟು ಕಚ್ಚಿತ್ತು. ಮುಂದಿನ ಸೀಟಿನ ಬಕಲು ಜೋತುಬಿದ್ದು ಕಿಣಿ ಕಿಣಿ ಅಂದಿತು. ಸೀಟಿನ ಚರ್ಮದ ಮೇಲೆ ಏನೋ ಜಾರಿದ ಸದ್ದು... ಯಾರೋ ಸೀಟಿನ ಅಂಚಿಗೆ ಉಗುರು ಕೆರೆದ ಸದ್ದು... ಕೊಳವೆಯಲ್ಲಿ 'ಚ್—' ಅಂತ ಶುರುವಾದದ್ದು ಪೂರ್ತಿ ಆಗಲಿಲ್ಲ.

ಕೈ ಇಳಿಸಿ ಕೋಲು ಹಿಡಿದಳು. ಹಗುರಾಗಿತ್ತು ಕಣೇ ಕ್ಲೆಮೆ, ಚಮಚದಷ್ಟು ಹಗುರ, ಅಂದಳು ನನಗೆ. ಹೇಳುವಾಗ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ನಾವು ಕೆಳಗಿದ್ದವರಿಗೆ ಜೀವವೇ ಬಾಯಿಗೆ ಬಂದಿತ್ತು. ಗಾಸ್ಪಾರ್ ಹುಲ್ಲಿನ ಮೇಲೆ ಮಂಡಿಯೂರಿಬಿಟ್ಟಿದ್ದ. ವಿಮಾನ ಮಗುಚಿ ನೆಟ್ಟಗಾಯಿತು, ಎಂಜಿನ್ ಕೆಮ್ಮಿ ಮತ್ತೆ ಹತ್ತಿಕೊಂಡಿತು. ಚಂದಕ್ಕೆ ಬಾಗಿ ತಿರುಗಿ ಬಂದು ಇಳಿಯಿತು. ಇಳಿಯಿತು ಅಂದರೆ... ಧಡ್ ಅಂತ ಬಿತ್ತು, ಕಪ್ಪೆಯ ಹಾಗೆ ಹಾರಿತು, ಇನ್ನೊಮ್ಮೆ ಬಿತ್ತು, ಓರೆಯಾಗಿ ಓಡಿ ನಿಂತಿತು. ಅಂಥ ಕೆಟ್ಟ ಇಳಿತವನ್ನು ಎವಾರಿಸ್ತೊ ಹುಟ್ಟಿದಾಗಿನಿಂದ ಮಾಡಿರಲಿಲ್ಲ. ದೊನ್ ಫರ್ಮಿನ್ ಟೋಪಿಯನ್ನು ತಲೆಗೆ ಒತ್ತಿಕೊಂಡ. ಇಳಿಸಿದ್ದು ಅವಳೇ ಅಂತ ಕುರುಡನಿಗೂ ಗೊತ್ತಾಗುತ್ತಿತ್ತು.

ಪರೀಕ್ಷಕರು ತಲೆಕೆಳಗು ಮಾಡಿದ್ದಕ್ಕೆ ಅವಳನ್ನು ಚೆನ್ನಾಗಿ ಬೈದರು, ಬೈಯುತ್ತಲೇ ಪಾಸು ಮಾಡಿದರು. ಮೊದಲ ಸಲ ಒಬ್ಬರೇ ಹಾರಿದವರಿಗೆ ಮಾಡುವ ಹಾಗೆ ಅವಳ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು, ಸುಟ್ಟ ಎಣ್ಣೆ ಎಲ್ಲ ಸುರಿದೆವು. ಮೊದಲ ಬಕೆಟ್ಟು ನನ್ನದೇ. ಅವಳು ಹಾಗೆ ಹೊಳೆಯುತ್ತಾ ನಿಂತಿದ್ದನ್ನು ನೋಡಿ ನನಗೂ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆ ಗಲಾಟೆಯಲ್ಲೇ ಕೆರೆಯಲ್ಲಿ ಉಪ್ಪು ತೆಗೆಯುವ ದೊನ್ ಸೆಬೆರೊ ಕುದುರೆ ಓಡಿಸಿಕೊಂಡು ಬಂದ. ಸೊಂಟದ ತನಕ ಒದ್ದೆ.

"ಬಿದ್ದೋರು ಯಾರು?" ಅಂದ.

"ಯಾರೂ ಬಿದ್ದಿಲ್ಲ ಮಾರಾಯ. ಇಕೋ ಇಲ್ಲೇ ಇದ್ದಾಳೆ."

"ಇವಳಲ್ಲ. ಇನ್ನೊಬ್ಬ."

"ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡಿದ್ಯಾ ಸೆಬೆರೊ? ನಮಗೂ ಒಂದು ಗುಟುಕು ಕೊಡೋದಲ್ವಾ," ಅಂತ ಯಾರೋ ಕೀಟಲೆ ಮಾಡಿದರು.

"ನಗ್ರೋ, ನಗ್ರಿ. ಕರು ಬಿದ್ದ ಸದ್ದು ನಂಗೊತ್ತು, ಚೀಲ ಬಿದ್ದ ಸದ್ದು ಗೊತ್ತು. ಧುಡುಂ ಅಂತ ಬಿತ್ತು, ನೀರು ನನ್ ಎತ್ತರಕ್ಕೆ ಎದ್ದಿತು. ಓಡಿಹೋಗಿ ಹುಡುಕಿದೆ. ನೀರು ತೊಡೆಮಟ್ಟಕ್ಕೂ ಇಲ್ಲ ಅಲ್ಲಿ. ಯಾರೂ ಇಲ್ಲ."

ನಗು ನಿಂತಿತು. ಒತೀಲಿಯಾ ಮುಖದ ಮೇಲಿನ ಎಣ್ಣೆ ಒರೆಸಿಕೊಂಡು ಗಾಸ್ಪಾರ್‌ನ ಕೈ ಹಿಡಿದಳು. ಎಲ್ಲರ ಎದುರಿಗೇ.

ಮದುವೆಯಾಯಿತು. ಫೋಕೆ ಹಾರುವಷ್ಟು ಕಾಲ ಅವಳೇ ಅದರಲ್ಲಿ ಊರಿನ ಹುಡುಗ ಹುಡುಗಿಯರಿಗೆ ಕಲಿಸಿದಳು. ಗಾಸ್ಪಾರ್ ಒಮ್ಮೆ ಆಸೆಪಟ್ಟು ಮುಂದೆ ಹತ್ತಲು ಹೋದಾಗ, "ಹಿಂದೆ ಹೋಗಿ ಕೂತ್ಕೋ, ಮೊದಲು ಕಲಿ," ಅಂದಳಂತೆ. ಅವನು ಪಾಪ, ಹಿಂದೆ ಹೋಗಿ ಕೂತ.

ಆದರೆ ಆ ಕೆರೆ... ಅಲ್ಲಿ ಫ್ಲೆಮಿಂಗೊ ಹಕ್ಕಿಗಳು ನೀರೇ ಕಾಣದಷ್ಟು ನಿಲ್ಲುತ್ತವಲ್ಲ. ಸೆಬೆರೊ ತೋರಿಸಿದ ಕಡೆ ಒಂದು ಅಂಗಳದಷ್ಟು ಜಾಗ ಖಾಲಿ. ಅವತ್ತಿನಿಂದ ಅಲ್ಲಿ ಒಂದು ಹಕ್ಕಿಯೂ ಕಾಲಿಡುವುದಿಲ್ಲ. ಅದು ಹಾಗಿರಲಿ, ಹಕ್ಕಿಗೆ ಏನೇನೋ ಕಾರಣ ಇರುತ್ತದೆ. ಒತೀಲಿಯಾ ಒಬ್ಬಳೇ ದಡಕ್ಕೆ ಹೋದರೆ ಆ ಖಾಲಿ ಜಾಗ ನಡುನೀರಲ್ಲೇ ಇರುತ್ತದೆ. ಗಾಸ್ಪಾರ್‌ನನ್ನು ಕರೆದುಕೊಂಡು ಹೋದರೆ ಹಕ್ಕಿಗಳು ಸಾಲು ಬಿಟ್ಟು ಆಚೆ ಈಚೆ ಸರಿಯುತ್ತವೆ... ಖಾಲಿ ಜಾಗ ಮೆಲ್ಲಗೆ ದಡದ ಕಡೆಗೆ ಬರುತ್ತದೆ. ಅವರಿಬ್ಬರ ಪಕ್ಕದಲ್ಲಿ ನಿಂತು ನಾನೇ ನೋಡಿದ್ದೇನೆ. ಹಾಡಹಗಲಲ್ಲಿ, ಈ ಎರಡು ಕಣ್ಣಲ್ಲಿ.